ಎರಡನೇ ಗುರುತು

ಇನ್ನೊಂದು ರೊಟ್ಟಿ ಬೇಡವಾಗಿದ್ದರೂ ರವೀಂದ್ರ ಹಾಕಿಸಿಕೊಂಡ. ಹೊಟ್ಟೆ ಆಗಲೇ ಬಿಗಿದಿತ್ತು, ಎಣ್ಣೆಗಾಯಿಯ ಖಾರ ಗಂಟಲಲ್ಲೇ ನಿಂತುಬಿಟ್ಟಿತ್ತು. ಆದರೂ ಬಡಿಸುವವನು ಬುಟ್ಟಿ ಹಿಡಿದು ಬಂದಾಗಲೆಲ್ಲ ತಾಟನ್ನು ಮುಂದೆ ಸರಿಸುತ್ತಿದ್ದ. ಊಟ ಮುಗಿದರೆ ಏಳಬೇಕು, ಎದ್ದರೆ ವರ್ಕ್‌ಶಾಪಿಗೆ ಹೋಗಬೇಕು, ಅಲ್ಲಿ ಕಾರು ತಿದ್ದುವ ಉಲ್ಲಾಸನ ಕೆಲಸ ಇನ್ನೂ ಮುಗಿದಿರಲಿಕ್ಕಿಲ್ಲ. ಎದುರಿಗೆ ಗಾಲಿಕುರ್ಚಿಯಲ್ಲಿ ಕೂತಿದ್ದ ತಮ್ಮ ಭರತ ಕೈ ಒರೆಸಿಕೊಂಡು, ಮಜ್ಜಿಗೆಯ ಲೋಟ ಪಕ್ಕಕ್ಕಿಟ್ಟು, ಅಣ್ಣ ಉಣ್ಣುವುದನ್ನೇ ನೋಡುತ್ತಿದ್ದ. “ಅವಸರ ಬ್ಯಾಡಣ್ಣ, ಆರಾಮ ಉಣ್ಣು,” ಎಂದ. ಆ ಮಾತಿನ ಸಾಧುತನಕ್ಕೆ ರವೀಂದ್ರನ ಬಾಯಲ್ಲಿದ್ದ ತುತ್ತು ಒಣ ಹಿಟ್ಟಾಯಿತು. ಹುಬ್ಬಳ್ಳಿಯ ಈ ಖಾನಾವಳಿಯ ಮೇಜುಗಳ ಕೆಳಗೆ ಗಾಲಿಕುರ್ಚಿಯ ಪಾದದ ಹಲಗೆ ಹೋಗುವುದಿಲ್ಲ. ಹಾಗಾಗಿ ಭರತ ಮೇಜಿಗೆ ಅಡ್ಡಲಾಗಿ, ದಾರಿಗೆ ಚಾಚಿಕೊಂಡು ಕೂರಬೇಕು. ಬಂದುಹೋಗುವವರು ಸ್ವಲ್ಪ ಸರೀರಿ ಎನ್ನಲು ಬಾಯಿ ತೆರೆದು, ಕಾಲುಗಳನ್ನು ಕಂಡು, ಬಾಯಿ ಮುಚ್ಚಿ ತಾವೇ ಸರಿದು ಹೋಗುತ್ತಾರೆ. ಪ್ರತಿ ಸಲವೂ ರವೀಂದ್ರನಿಗೆ ಯಾರಲ್ಲೋ ಕ್ಷಮೆ ಕೇಳಬೇಕೆನ್ನಿಸುತ್ತದೆ. ಯಾರಲ್ಲಿ ಎಂದು ತಿಳಿಯುವುದಿಲ್ಲ. ಇವತ್ತು ತಿಳಿದಿತ್ತು.

ಪಕ್ಕದ ರಸ್ತೆಯ ಶೆಡ್ಡುಗಳ ಸಾಲಿನಲ್ಲಿ ಉಲ್ಲಾಸ ಈ ಹೊತ್ತಿಗೆ ಅವರ ಕಾರಿನ ಸ್ಟೇರಿಂಗ್ ಕೆಳಗೆ ವೈರು ಚುಚ್ಚಿ, ಬೆಳಿಗ್ಗೆಯೆಲ್ಲ ಭರತನ ಕಣ್ಣೆದುರೇ ಕಟ್ಟಿದ್ದ ಎಂಜಿನ್ನಿನ ಹೊಸ ಲೆಕ್ಕವನ್ನು ಅಳಿಸುತ್ತಿರಬೇಕು. ಬೆಳಿಗ್ಗೆ ಅದನ್ನು ಆರಿಸುವುದಕ್ಕೇ ಎಷ್ಟೊಂದು ಹೊತ್ತು ಹಿಡಿದಿತ್ತು. ಉಲ್ಲಾಸ ಎಂಜಿನಿಯರಿಂಗ್ ಓದಿ, ಪುಣೆಯಲ್ಲಿ ಕೆಲಸ ಕಲಿತು ಬಂದವನು. ಟರ್ಬೊ ಕಾರುಗಳ ಎಂಜಿನ್ ಕಂಪ್ಯೂಟರನ್ನು ತಿದ್ದಿ ಬಲ ಹೆಚ್ಚಿಸಿಕೊಡುವುದೇ ಅವನ ಕಸುಬು. ಮೇಜಿನ ಮೇಲೆ ಒಂದು ಕರಿ ಪೆಟ್ಟಿಗೆ ಇಟ್ಟು ಹೇಳಿದ್ದ: “ಇದು ಭಾಳ ಸುಲಭದ ದಾರಿ ನೋಡ್ರಿ. ಸೆನ್ಸರಿಗೂ ಕಂಪ್ಯೂಟರಿಗೂ ನಡಕ ಕುಂದರ್ತೈತಿ. ಗಾಳಿ ಒತ್ತಡ ಇದ್ದದ್ದಕ್ಕಿಂತ ಕಡಿಮಿ ಐತಿ ಅಂತ ಕಂಪ್ಯೂಟರಿಗೆ ಸುಳ್ಳ ಹೇಳ್ತೈತಿ. ಅದು ಪಾಪ ನಂಬಿ ಇನ್ನಷ್ಟು ಕೊಡ್ತೈತಿ.” ರವೀಂದ್ರನ ಕಿವಿ ಬಿಸಿಯಾಗಿತ್ತು. ಉಲ್ಲಾಸ ಬೇಕೆಂದೇ ಆಡಿದ ಮಾತೋ, ಎಲ್ಲ ಗಿರಾಕಿಗಳಿಗೂ ಹೇಳುವ ಮಾತೋ ತಿಳಿಯಲಿಲ್ಲ. ಭರತ ಪೆಟ್ಟಿಗೆಯನ್ನು ಮುಟ್ಟಲೂ ಇಲ್ಲ. “ಸುಳ್ಳಿನ ಮ್ಯಾಲೆ ಎಂಜಿನ್ ಎಷ್ಟು ದಿನ ಓಡ್ತೈತಿ? ಪೆಟ್ರೋಲ್ ಚಲೋ ಸಿಗದಿದ್ದ ದಿನ ಎಂಜಿನ್ ಬಡಕೊಳ್ಳಾಕ ಶುರು ಮಾಡಿದ್ರ ಈ ಪೆಟ್ಟಿಗಿಗೆ ಗೊತ್ತಾಗಂಗಿಲ್ಲ,” ಎಂದ. ಅವನಿಗೆ ಬೇಕಿದ್ದದ್ದು ಹಳೇ ಕಂಪ್ಯೂಟರನ್ನೇ ಕಿತ್ತು ಪೂರ್ತಿ ಹೊಸದನ್ನು ಕೂರಿಸುವುದು. ಉಲ್ಲಾಸ ಬೇಡವೆಂದು ತಲೆಯಾಡಿಸಿದ: ಈ ಗಾಡಿ ತಾನೇ ಗಿಯರ್ ಬದಲಿಸುವಂಥದ್ದು, ಹೊಸ ಕಂಪ್ಯೂಟರಿನ ಮಾತು ಗಿಯರ್ ಬಾಕ್ಸಿಗೆ ತಿಳಿಯದೆ ದಾರಿಯಲ್ಲೇ ನಿಲ್ಲಬಹುದು, ಅದಕ್ಕಿಂತ ಇದ್ದದ್ದರ ಒಳಗಿನ ಲೆಕ್ಕವನ್ನೇ ಹೊಸದಾಗಿ ಬರೆಯೋಣ, ಗಾಳಿ ತಂಪು ಮಾಡುವ ಇಂಟರ್‌ಕೂಲರ್ ದೊಡ್ಡದು ಹಾಕೋಣ, ಡ್ಯಾಶ್‌ಬೋರ್ಡಿನ ಮೇಲೊಂದು ತಿರುಗಿಸುವ ಗುಂಡಿ ಕೊಡುತ್ತೇನೆ. ಗುಂಡಿಗೆ ಎರಡು ಗುರುತು. ಒಂದರಲ್ಲಿ ಪೇಟೆಯಲ್ಲಿ ಓಡಿಸುವ ಸಾದಾ ಲೆಕ್ಕ. ಎರಡಕ್ಕೆ ತಿರುವಿದರೆ ಎಂಜಿನ್ ತನ್ನಲ್ಲಿದ್ದದ್ದೆಲ್ಲ ಕೊಡುತ್ತದೆ. ಭರತ ಬಹಳ ಹೊತ್ತು ಯೋಚಿಸಿ, ಕೇಳಿದ್ದನ್ನೇ ಕೇಳಿ, ಒಪ್ಪಿಕೊಂಡ. ಕಾರನ್ನು ಬಲ ಅಳೆಯುವ ರೋಲರಿನ ಮೇಲೆ ಬಿಗಿದು ಓಡಿಸಿದಾಗ ಶೆಡ್ಡಿನ ತಗಡೆಲ್ಲ ನಡುಗಿತ್ತು. ಲ್ಯಾಪ್‌ಟಾಪಿನ ಪರದೆಯ ಮೇಲೆ ಗೆರೆ ಏರುತ್ತಿದ್ದಂತೆ ಭರತನ ಮುಖ ಹಳೇ ಮುಖವಾಯಿತು. ರವೀಂದ್ರ ಹೊರಗೆ ಬಂದು ಚಹಾ ಕುಡಿದ. ಆ ಮುಖವನ್ನು ನೋಡುವ ಹಕ್ಕು ತನಗಿಲ್ಲ ಎನ್ನಿಸಿತ್ತು.

ನಿನ್ನೆ ಶಿರಸಿಯ ತನ್ನ ಅನಾನಸ್ ಮಂಡಿಯ ಹಿಂದೆ, ಲೋಡಾಗುತ್ತಿದ್ದ ಲಾರಿಯ ಮರೆಯಲ್ಲಿ ನಿಂತು ಉಲ್ಲಾಸನಿಗೆ ಫೋನು ಮಾಡಿದ್ದ. ಎರಡು ಸಲ ಕತ್ತರಿಸಿ ಮೂರನೇ ಸಲಕ್ಕೆ ಮಾತು ಹೊರಟಿತ್ತು. ಗಾಡಿ ಹೊಡೆಯುವವನು ನಾನು, ನನಗೆ ಅಷ್ಟೆಲ್ಲ ಜೋರು ಆಗುವುದಿಲ್ಲ, ಆದರೆ ತಮ್ಮನಿಗೆ ಬೇಡ ಎನ್ನಲಾರೆ. ಅವನ ಮುಂದೆ ಎಲ್ಲ ಮಾಡಿ ತೋರಿಸಿ, ಆಮೇಲೆ ಎರಡೂ ಗುರುತಿಗೆ ಒಂದನೇ ಲೆಕ್ಕವನ್ನೇ ಹಾಕಿಬಿಡಿ ಎಂದಿದ್ದ. “ಗಾಡಿ ನಿಮ್ಮನಿಂದು ಸರ್, ನೀವು ಹೇಳ್ದಂಗ ಮಾಡ್ತೀನಿ,” ಎಂದಿದ್ದ ಉಲ್ಲಾಸ. “ಆದ್ರ ಅವರು ನನ್ನ ನೇರ ಕೇಳಿದ್ರ ನಾ ಸುಳ್ಳ ಹೇಳಂಗಿಲ್ಲ. ಊಟಕ್ಕ ಅವರನ್ನ ಹೊರಗ ಕರ್ಕೊಂಡ ಹೋಗ್ರಿ, ಸಾವಕಾಶ ಬರ್ರಿ.” ಸಾವಕಾಶ ಎಂಬ ಆ ಮಾತು ಈಗ ತಾಟಿನಲ್ಲಿ ರೊಟ್ಟಿಯಾಗಿ ಬಿದ್ದಿತ್ತು. ಅದನ್ನು ಮುರಿದು, ಪಲ್ಯಕ್ಕೆ ಒತ್ತಿ, ನುಂಗಿದ.

ಮೊದಲು ಇದು ಭರತನ ಕಾರಾಗಿತ್ತು. ಚಿಕ್ಕಮಗಳೂರಿನ ಕಾಫಿತೋಟಗಳ ರ್‍ಯಾಲಿಗಳಲ್ಲಿ ಅವನು ಓಡಿಸುತ್ತಿದ್ದ. ಅವನ ಫೋಟೋ ಇದ್ದ ಬ್ಯಾನರು ಒಮ್ಮೆ ಶಿರಸಿಯ ಐದು ರಸ್ತೆ ಸರ್ಕಲ್ಲಿನಲ್ಲೂ ತೂಗಿತ್ತು. ಮಂಡಿಗೆ ಬನವಾಸಿ ಕಡೆಯಿಂದ ಹಣ್ಣು ತರುವ ರೈತರು ಕೂಡ ರವೀಂದ್ರನನ್ನು, ಮಂಡಿ ಕಟ್ಟಿದವನು ಅವನೇ ಆದರೂ, ಭರತನ ಅಣ್ಣ ಎಂದೇ ಗುರುತಿಸುತ್ತಿದ್ದರು. ಮುಂಡಗೋಡ ರಸ್ತೆಯಲ್ಲಿ ಭರತ ಗೆಳೆಯನ ಬೈಕಿನ ಹಿಂದೆ ಕೂತು ಬರುವಾಗ ಅಪಘಾತವಾಯಿತು. ಓಡಿಸುತ್ತಿದ್ದವನು ತರಚು ಗಾಯದಿಂದ ಉಳಿದ. ಸೊಂಟದ ಕೆಳಗೆ ಇನ್ನು ಶಕ್ತಿ ಬರುವುದಿಲ್ಲ ಎಂದು ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು ಹೇಳುತ್ತಿದ್ದಾಗ ತಾಯಿ ನೀಲಗಂಗವ್ವ ಗೋಡೆ ಹಿಡಿದು ಕುಸಿದಳು. ಅವಳನ್ನು ಎತ್ತಲು ಬಾಗಿದ ರವೀಂದ್ರನ ಜೇಬಿನಲ್ಲಿ ಕಾರಿನ ಕೀಲಿ ತೊಡೆಗೆ ಒತ್ತಿತು. ಆ ಕ್ಷಣ, ಕಣ್ಣಲ್ಲಿ ನೀರಿರುವಾಗಲೇ, ಇನ್ನು ಯಾರೂ ನನ್ನನ್ನು ಭರತನ ಅಣ್ಣ ಎಂದು ಕರೆಯಲಿಕ್ಕಿಲ್ಲ ಎಂಬ ಮಾತು ತಲೆಯೊಳಗೆ ಬಂದು ಹೋಯಿತು. ಬಂದದ್ದು ಅಷ್ಟೇ. ಅದನ್ನು ಅವನು ಕರೆದಿರಲಿಲ್ಲ, ಕೂರಿಸಿಕೊಳ್ಳಲೂ ಇಲ್ಲ. ಆದರೆ ಅಂದಿನಿಂದ ತಮ್ಮನ ಮೈ ಒರೆಸುವಾಗ, ಎರಡೂ ಕೈಯಲ್ಲಿ ಎತ್ತಿ ಕಾರಿನ ಸೀಟಿಗೆ ಇಳಿಸುವಾಗ, ಆ ತೂಕದ ಜತೆಗೆ ಅದರ ತೂಕವೂ ಇರುತ್ತದೆ. ಅಣ್ಣ ದೇವರಂಥವನು ಎಂದು ನೆಂಟರು ಹೇಳುತ್ತಾರೆ. ರವೀಂದ್ರ ನೆಲ ನೋಡುತ್ತಾನೆ. ಅದಕ್ಕೂ ವಿನಯ ಎಂದು ಹೆಸರು ಬಿತ್ತು.

ವರ್ಕ್‌ಶಾಪಿಗೆ ಮರಳಿದಾಗ ಕಾರು ರೋಲರಿನಿಂದ ಇಳಿದು ಬಾಗಿಲಲ್ಲಿ ನಿಂತಿತ್ತು. ಉಲ್ಲಾಸ ಕೀಲಿಯನ್ನು ರವೀಂದ್ರನ ಕೈಯಲ್ಲಿಡದೆ ಭರತನ ಮಡಿಲಲ್ಲಿಟ್ಟ. “ಎಲ್ಲಾ ಸರಿ ಐತಲ್ಲ?” ಎಂದು ಭರತ ಕೇಳಿದ. ರವೀಂದ್ರ ಗೋಡೆಗೆ ನೇತುಹಾಕಿದ್ದ ಟೈರೊಂದನ್ನು ನೋಡುತ್ತ ನಿಂತ. “ಗಾಡಿ ಏನೂ ತ್ರಾಸ ಕೊಡಂಗಿಲ್ಲ,” ಎಂದ ಉಲ್ಲಾಸ. ಭರತ ಇನ್ನೇನೋ ಕೇಳುವವನಂತೆ ಅವನ ಮುಖವನ್ನೇ ನೋಡಿ, ಕೇಳಲಿಲ್ಲ. “ಅರಬೈಲ್ ಘಟ್ಟಕ್ಕ ಹೋಗಿ ಮನಿಗೆ ಹೋಗೂಣಣ್ಣ. ಏರಿನ್ಯಾಗ ನೋಡಬೇಕು,” ಎಂದ. ಸೀದಾ ಮುಂಡಗೋಡದ ಮೇಲೆ ಶಿರಸಿಗೆ ಹೋಗಬಹುದಿತ್ತು. ಆದರೆ ಬೇಡ ಎನ್ನುವ ಹಕ್ಕನ್ನು ರವೀಂದ್ರ ಊಟದಲ್ಲೇ ಖರ್ಚು ಮಾಡಿಬಿಟ್ಟಿದ್ದ.

ಕಲಘಟಗಿ ದಾಟುವಾಗ ಪೆಟ್ರೋಲ್ ಹಾಕಿಸಲು ನಿಲ್ಲಿಸಿದರು. ಬೈಕಿನಲ್ಲಿದ್ದ ಇಬ್ಬರು ಕಾಲೇಜಿನ ಹುಡುಗರು ಕಾರನ್ನು ಸುತ್ತುಹಾಕಿ, ರವೀಂದ್ರನ ಕಿಟಕಿಗೆ ಬಗ್ಗಿ, ಯಾವ ಲೆಕ್ಕ ಹಾಕಿಸಿದ್ದೀರಿ, ಬೂಸ್ಟ್ ಎಷ್ಟು ಎಂದು ಕೇಳಿದರು. ಅವನು ಬಾಯಿ ತೆರೆಯುವುದರೊಳಗೆ ಎಡಗಡೆಯಿಂದ ಭರತ ಉತ್ತರ ಹೇಳಿದ. ಆಮೇಲೆ ಅವರು ಮಾತಾಡಿದ್ದೆಲ್ಲ ರವೀಂದ್ರನ ಎದೆಯ ಮೇಲಿಂದ ಹಾದು ಅತ್ತ ಹೋಯಿತು. ಅವನು ಸೀಟಿಗೆ ಒರಗಿ, ಹೊಟ್ಟೆ ಒಳಗೆಳೆದುಕೊಂಡು, ಅವರ ಮಾತಿಗೆ ದಾರಿ ಬಿಟ್ಟು ಕೂತ. “ಹೊಡೆಯಾಂವ ನಮ್ಮಣ್ಣ,” ಎಂದು ಭರತ ಕೊನೆಗೆ ಹೇಳಿದಾಗ ಹುಡುಗರು ಅವನತ್ತ ನೋಡಿದರು. ಆ ನೋಟದಲ್ಲಿ ಗೌರವ ಇತ್ತು. ಅದೇ ತಾಳಲಾರದ್ದು.

ಯಲ್ಲಾಪುರ ಹತ್ತಿರವಾಯಿತು. ಕಾಡು ದಟ್ಟವಾಗಿ ರಸ್ತೆಯ ಮೇಲೆ ನೆರಳು ಬೀಳತೊಡಗಿದಾಗ ರವೀಂದ್ರನಿಗೆ ಹೋದ ವರ್ಷದ ಒಂದು ಮಧ್ಯಾಹ್ನ ನೆನಪಿಗೆ ಬಂತು. ಭರತ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ್ದ: ಕಾಲಿಲ್ಲದ ಒಬ್ಬ ಮನುಷ್ಯ ಸ್ಟೇರಿಂಗ್ ಪಕ್ಕದ ಒಂದು ಹಿಡಿಕೆಯನ್ನು ಎಳೆದರೆ ಕಾರು ಓಡುತ್ತದೆ, ಒತ್ತಿದರೆ ಬ್ರೇಕು. “ನಮ್ಮ ಗಾಡಿಗೂ ಕೂಡಿಸಬಹುದಂತ,” ಎಂದಿದ್ದ, ಏನೂ ಕೇಳುತ್ತಿಲ್ಲ ಎನ್ನುವ ಧ್ವನಿಯಲ್ಲಿ. “ನೋಡೂಣು ತಡಿ,” ಎಂದು ರವೀಂದ್ರ ಫೋನು ತಿರುಗಿ ಕೊಟ್ಟಿದ್ದ. ಅಷ್ಟೇ. ಅವನು ನೋಡಲಿಲ್ಲ, ಭರತ ಮತ್ತೆ ಕೇಳಲಿಲ್ಲ. ಅದಾದ ಕೆಲವೇ ವಾರಕ್ಕೆ ಭರತ ಎಂಜಿನ್ ವಿಷಯ ತೆಗೆದದ್ದು, ರಾತ್ರಿ ಊಟದ ಜಾಗದಲ್ಲಿ ಇಂಟರ್‌ಕೂಲರ್, ಇಂಜೆಕ್ಟರ್ ಎಂದು ಮಾತು ಶುರುಮಾಡಿದ್ದು. ಪ್ರತಿ ಭಾನುವಾರ ಅಣ್ಣನನ್ನು ಹೊರಡಿಸಿ, ಎಡಗಡೆ ಕೂತು, “ಈಗ ಒತ್ತು. ಒತ್ತಣ್ಣ,” ಎಂದು ಹೇಳುವುದು, ರವೀಂದ್ರನ ಪಾದ ಅರ್ಧಕ್ಕೆ ಹೋಗಿ ತಾನಾಗಿ ಹಿಂದೆ ಸರಿಯುವುದು ಅದಕ್ಕೂ ಮೊದಲಿನಿಂದ ನಡೆದಿತ್ತು. ಅಣ್ಣನ ಕಾಲು ಮಾಡಲಾರದ್ದನ್ನು ಎಂಜಿನ್ ಮಾಡೀತು ಎಂದು ಭರತ ಲೆಕ್ಕ ಹಾಕಿರಬೇಕೆಂದು ಈಗ ಹೊಳೆಯಿತು. ಅರ್ಧ ಒತ್ತಿದರೂ ಪೂರ್ತಿ ಬರುವಂಥ ಗಾಡಿ. ಅಂದರೆ ಅವನು ಆರಿಸಿದ್ದು ಎಂಜಿನ್ನನ್ನಲ್ಲ, ಅಣ್ಣನ ಪುಕ್ಕಲು ಕಾಲಿಗೆ ಒಂದು ಊರುಗೋಲನ್ನು. ರವೀಂದ್ರ ಎದುರಿನ ಲಾರಿಯ ಹಿಂದಿನ ದೀಪಗಳನ್ನು ದಿಟ್ಟಿಸಿದ.

ಘಟ್ಟವನ್ನು ಲಾರಿಗಳ ಹಿಂದೆ ಹಿಂದೆ ಇಳಿದು, ಬುಡದಲ್ಲಿ ಒಂದು ಚಹಾದಂಗಡಿಯ ಎದುರು ಗಾಡಿ ತಿರುಗಿಸಿದರು. ಏರುವ ದಾರಿ ಖಾಲಿ ಆಗುವವರೆಗೆ ಕಾದರು. ಇಳಿಹೊತ್ತಿನ ಬಿಸಿಲು ಮರಗಳ ನೆತ್ತಿಯಲ್ಲಿತ್ತು. ಭರತ ಕೈ ಚಾಚಿ ಗುಂಡಿಯನ್ನು ಒಂದರಿಂದ ಎರಡಕ್ಕೆ ತಿರುವಿದ. ಟಿಕ್ ಎಂದಿತು. “ಹೂಂ,” ಎಂದ.

ಆಗ ರವೀಂದ್ರ ಒತ್ತಿದ. ಪಾದ ನೆಲಕ್ಕೆ ಮುಟ್ಟುವವರೆಗೆ ಒತ್ತಿದ. ಹಿಂದೆಂದೂ ಹಾಗೆ ಒತ್ತಿರಲಿಲ್ಲ. ಕಾರು ಎಂದಿನಂತೆ ಮುಂದಕ್ಕೆ ಹೋಯಿತು, ಎಂದಿನಂತೆ ಏರಿತು, ಒಂದನೇ ಗುರುತಿನಲ್ಲಿ ಏರುತ್ತಿದ್ದಷ್ಟೇ. ತಿರುವಿನಲ್ಲಿ ಅವನ ಕೈ ನಡುಗಿತು, ಆದರೆ ಪಾದ ಎತ್ತಲಿಲ್ಲ. ಮೊದಲ ತಿರುವು ಮುಗಿದ ಮೇಲೆ ಅವನಿಗೆ ತಾನು ಏನು ಮಾಡುತ್ತಿದ್ದೇನೆಂದು ಗೊತ್ತಾಯಿತು. ಒಳಗೆ ಏನೂ ಇಲ್ಲವೆಂದು ತಿಳಿದಿದ್ದರಿಂದ ಧೈರ್ಯ ಬಂದಿತ್ತು. ನೀರಿಲ್ಲದ ಬಾವಿಯಲ್ಲಿ ಈಜು ಹೊಡೆಯುವವನ ಧೈರ್ಯ. ಓರೆಗಣ್ಣಿನಿಂದ ನೋಡಿದ. ಭರತ ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಚಪ್ಪಟೆಯಾಗಿ ಇಟ್ಟಿದ್ದ, ಜ್ವರ ನೋಡುವವರ ಹಾಗೆ. ಇನ್ನೊಂದು ತಿರುವಿನವರೆಗೂ ಇಟ್ಟಿದ್ದು, ಮೆಲ್ಲಗೆ ತೆಗೆದು ಮಡಿಲಲ್ಲಿ ಹಾಕಿಕೊಂಡ. ಮುಖದಲ್ಲಿ ಏನೋ ಆರಿದಂತಾಯಿತು. ಆಮೇಲೆ ರಸ್ತೆಯನ್ನೇ ನೋಡುತ್ತ ಹೇಳಿದ:

“ಬಂತು ನೋಡಣ್ಣ. ಬೆನ್ನಿಗೆ ಒದ್ದಂಗ ಬಂತು.”

“ಹೌದೇನು?” ಎಂದ ರವೀಂದ್ರ. ಧ್ವನಿ ಬೇರೆಯವರದ್ದೆನ್ನಿಸಿತು.

“ಹೌದು ಮತ್ತ. ನೀ ಚಲೋ ಹೊಡದಿ.”

ರೋಲರಿನ ಮೇಲೆ ಆ ಸದ್ದನ್ನು ಕೇಳಿದವನಿಗೆ, ಪರದೆಯ ಮೇಲೆ ಗೆರೆ ಕಂಡವನಿಗೆ, ಎಂಜಿನ್ನಿನ ಉಸಿರನ್ನು ಮೈಯಿಂದ ಬಲ್ಲವನಿಗೆ ಇದು ತಿಳಿಯದೆ ಇರಲು ಸಾಧ್ಯವೇ ಇರಲಿಲ್ಲ. ತಿಳಿದು, ಕೈ ತೆಗೆದು, ಅಣ್ಣನಿಗೆ ಒಂದು ಸುಳ್ಳನ್ನು ದಾನ ಮಾಡಿದ್ದ. ರವೀಂದ್ರ ಅದನ್ನು ಎರಡೂ ಕೈಯೊಡ್ಡಿ ಇಸಿದುಕೊಂಡಿದ್ದ. ಬಯ್ದಿದ್ದರೆ, ಗಾಡಿ ನಿಲ್ಲಿಸು ಎಂದಿದ್ದರೆ, ಒಂದು ಜಗಳದಲ್ಲಿ ಎಲ್ಲ ಮುಗಿದುಹೋಗುತ್ತಿತ್ತು.

ಮನೆಗೆ ಬಂದಾಗ ನೀಲಗಂಗವ್ವ ಪಡಸಾಲೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಭರತನೇ ಮಾತು ಶುರುಮಾಡಿದ. ಅಣ್ಣ ಘಟ್ಟದಲ್ಲಿ ಹೇಗೆ ಹೊಡೆದ, ತಿರುವಿನಲ್ಲಿ ಟೈರು ಹೇಗೆ ಕೂಗಿದವು, ಒಂದು ಲಾರಿಯವನು ಹೇಗೆ ಬಾಯಿಬಿಟ್ಟು ನೋಡಿದ. ಆ ಲಾರಿ ಇರಲೇ ಇಲ್ಲ. ಟೈರು ಕೂಗಿರಲಿಲ್ಲ. ಭರತ ಬಿಡಿಬಿಡಿಯಾಗಿ, ರುಚಿಕಟ್ಟಾಗಿ ಹೇಳುತ್ತಿದ್ದ, ಹಿಂದೆ ತಾನು ರ್‍ಯಾಲಿಯಿಂದ ಬಂದು ಹೇಳುತ್ತಿದ್ದ ರೀತಿಯಲ್ಲೇ. ಆ ಕಥೆಗಳ ಒಳಗಿಂದ ತನ್ನನ್ನು ತೆಗೆದು ಅಣ್ಣನನ್ನು ಕೂರಿಸುತ್ತಿದ್ದ. “ಅಷ್ಟ ಜೋರ ಯಾಕಪಾ ರವಿ,” ಎಂದಳು ತಾಯಿ. ಬೈಗುಳದ ಕೆಳಗೆ ಒಂದು ಹೆಮ್ಮೆ ಇತ್ತು; ಈ ಮಗನ ಬಗ್ಗೆ ಆ ಧ್ವನಿಯನ್ನು ಅವನು ಕೇಳಿದ್ದು ಅದೇ ಮೊದಲು. ಹೆಂಡತಿ ಜ್ಯೋತಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದವಳು ಕೇಳಿದಳು: “ನಿಮಗ ಅಂಜಿಕಿ ಬರ್ಲಿಲ್ಲೇನ್ರಿ?”

ಇಲ್ಲಿ ಹೇಳಿಬಿಡಬಹುದಿತ್ತು. ಬಾಯೊಳಗೆ ಮಾತು ಇತ್ತು ಕೂಡ.

“ಅಂಜಿಕಿ ಏನು,” ಎಂದ ರವೀಂದ್ರ, ಕಾಲು ತೊಳೆಯಲು ಬಚ್ಚಲಿಗೆ ಹೋದ. ನೀರು ಬಿಟ್ಟುಕೊಂಡು, ನಲ್ಲಿಯ ಸದ್ದಿನ ಮರೆಯಲ್ಲಿ ಬಹಳ ಹೊತ್ತು ನಿಂತ.

ಮುಂದಿನ ಭಾನುವಾರ ಅವನು ಕೀಲಿ ಹಿಡಿದು ತಮ್ಮನ ಕೋಣೆಗೆ ಹೋದಾಗ ಭರತ ಮೈ ಸರಿ ಇಲ್ಲ ಎಂದ. ಅದರ ಮುಂದಿನ ವಾರ ಯಾರೋ ಬರುವವರಿದ್ದಾರೆ ಎಂದ. ಆಮೇಲೆ ಮಳೆ ಹಿಡಿಯಿತು. ಊಟದ ಹೊತ್ತಿನಲ್ಲಿ ಎಂಜಿನ್ ಮಾತು ನಿಂತಿತು. ಭರತ ಮಂಡಿಯ ವಿಷಯ ಕೇಳುತ್ತಿದ್ದ, ದಿಲ್ಲಿ ಲಾರಿ ಹೋಯಿತೇ, ಹಣ್ಣು ಕೊಳೆತವೇ ಎಂದು, ನೆಂಟರ ಮನೆಗೆ ಬಂದವನು ಕೇಳುವಷ್ಟು ಸೌಜನ್ಯದಿಂದ. ರವೀಂದ್ರನಿಗೆ ಮೊದಲು ಒಂದು ಬಗೆಯ ಹಗುರ ಅನ್ನಿಸಿತು. ಭಾನುವಾರಗಳ ಹೆದರಿಕೆ ಇಲ್ಲ. ಆ ಹಗುರ ತನಗೆ ಹಿತವಾಗಿದೆ ಎಂದು ಗೊತ್ತಾದ ದಿನ ಊಟ ಸೇರಲಿಲ್ಲ. ಆಗಾಗ ಬೆಳಿಗ್ಗೆ ಶೆಡ್ಡಿಗೆ ಹೋಗಿ ಬ್ಯಾಟರಿ ಇಳಿಯದಿರಲೆಂದು ಎಂಜಿನ್ ಚಾಲೂ ಮಾಡಿ ಕೂರುತ್ತಿದ್ದ. ಗುಂಡಿ ಎರಡರಲ್ಲೇ ಇತ್ತು. ಭರತ ಅವತ್ತು ಅದನ್ನು ಹಿಂದಕ್ಕೆ ತಿರುವಿರಲಿಲ್ಲ, ತಿರುವುವ ಅಗತ್ಯವಿಲ್ಲವೆಂದು ತಿಳಿದವನ ಹಾಗೆ.

ಮಳೆ ತೆರಪು ಕೊಟ್ಟ ಒಂದು ದಿನ ಮಂಡಿಗೆ ಕಾನಸೂರಿನಿಂದ ಒಬ್ಬ ಗೃಹಸ್ಥ ಬಂದ. ಹಣ್ಣಿನ ವ್ಯಾಪಾರಿಯಲ್ಲ; ಚೊಕ್ಕ ಅಂಗಿ, ಕೈಯಲ್ಲಿ ಕೊಡೆ. ಕಾರು ನೋಡಬೇಕಿತ್ತು ಎಂದ.

“ಯಾವ ಕಾರು?” ಎಂದು ರವೀಂದ್ರ ಕೇಳಿದ.

“ನಿಮ್ಮನೆ ಟರ್ಬೊ ಗಾಡಿ. ನಿಮ್ಮ ತಮ್ಮ ಫೋನಲ್ಲಿ ಹೇಳಿದಾರೆ, ಕೊಡೋದಿದೆ ಅಂತ. ಅಣ್ಣನ್ನ ಕಂಡು ಮಾತಾಡಿ ಅಂದ್ರು.”

ಹಮಾಲರು ಹಣ್ಣು ಇಳಿಸುತ್ತಿದ್ದರು. ಅವರೂ ಕೇಳಿಸಿಕೊಂಡರು. ತನ್ನ ಮನೆಯ ಸುದ್ದಿಯನ್ನು ಪರ ಊರಿನವನ ಬಾಯಿಂದ ಕೇಳಿದ ಯಜಮಾನನ ಮುಖವನ್ನು ಅವರು ನೋಡದ ಹಾಗೆ ನೋಡಿದರು. “ಅದು ಕೊಡೂದಿಲ್ಲ,” ಎಂದ ರವೀಂದ್ರ. “ಅವರು ಹೇಳಿದ್ದು ಬೇರೆ ಥರ ಇತ್ತು,” ಎಂದ ಆತ, ಬೇಸರವಿಲ್ಲದೆ. “ಅಣ್ಣಂಗೆ ಭಾರ ಆಗ್ತಿದೆ ಅಂದಿದ್ರು.” ರವೀಂದ್ರ ಅವನನ್ನು ಕೂರಿಸಿ ಚಹಾ ತರಿಸಿದ, ಒಂದು ಒಳ್ಳೆಯ ಹಣ್ಣನ್ನು ಆರಿಸಿ ಕೈಯಲ್ಲಿಟ್ಟು ಕಳಿಸಿದ. ಗಲ್ಲಾಪೆಟ್ಟಿಗೆಯ ಬಳಿ ಬಂದು ಕೂತರೆ ಕೈಗೆ ಅನಾನಸಿನ ಮುಳ್ಳು ತರಚಿ ರಕ್ತ ಜಿನುಗಿತ್ತು. ಭಾರ ಆಗುತ್ತಿದೆ. ಭರತ ಅದನ್ನು ಕಾರಿನ ಬಗ್ಗೆ ಹೇಳಿದ್ದನೇ? ಕುರ್ಚಿಯಿಂದ ಸೀಟಿಗೆ, ಸೀಟಿನಿಂದ ಕುರ್ಚಿಗೆ ಎತ್ತಿಳಿಸುವ ಅಣ್ಣನ ತೋಳುಗಳ ಬಗ್ಗೆ ಹೇಳಿದ್ದನೇ? ಎತ್ತುವಾಗ ತನ್ನ ಉಸಿರು ಅವನ ಕಿವಿಯ ಪಕ್ಕದಲ್ಲೇ ಇರುತ್ತದೆ. ಉಸಿರಿಗೆ ಏನೇನು ಗೊತ್ತಿರುತ್ತದೋ ಅದೆಲ್ಲ ಆ ಕಿವಿಗೂ ಗೊತ್ತಿರಬೇಕು.

ಮರುದಿನ ಯಾರಿಗೂ ಹೇಳದೆ ಹುಬ್ಬಳ್ಳಿಗೆ ಹೋದ. ಒಬ್ಬನೇ ಬಂದದ್ದನ್ನು ಉಲ್ಲಾಸ ನೋಡಿದ. “ಆ ದಿನ ಅವನ ಮುಂದ ಏನ್ ಮಾಡಿದ್ರಿ, ಅದನ್ನ ಹಾಕಿಕೊಡ್ರಿ,” ಎಂದ ರವೀಂದ್ರ. ಉಲ್ಲಾಸ ತಲೆಯಾಡಿಸಿ ಲ್ಯಾಪ್‌ಟಾಪ್ ತೆರೆದ. ಕೆಲಸ ನಡೆದಿದ್ದಾಗ ರವೀಂದ್ರ ಮೆಲ್ಲಗೆ ಕೈಯಿಂದ ಓಡಿಸುವ ಹಿಡಿಕೆಯ ವಿಷಯ ತೆಗೆದ. ಬೆಳಗಾವಿಯಲ್ಲಿ ಅದನ್ನು ಕೂರಿಸುವವರಿದ್ದಾರೆ, ಈ ಗಾಡಿಗೆ ಸರಿಹೋಗುತ್ತದೆ, ಗಿಯರ್ ತಾನೇ ಬದಲಾಗುವುದರಿಂದ ಸುಲಭ ಎಂದ ಉಲ್ಲಾಸ. ಆಮೇಲೆ, ಪರದೆಯಿಂದ ಕಣ್ಣೆತ್ತದೆ, “ನಿಮ್ಮ ತಮ್ಮನವರು ಇದನ್ನ ನನ್ನ ಹೋದ ವರ್ಷನ ಕೇಳಿದ್ರು,” ಎಂದ. “ಅಣ್ಣಗ ಹೇಳಿ ಬರ್ತೀನಿ ಅಂದಿದ್ರು.”

ಮರಳುವಾಗ ಯಲ್ಲಾಪುರದ ಈಚೆ, ಎರಡೂ ಕಡೆ ಸಾಗವಾನಿ ನೆಟ್ಟ ನೇರ ರಸ್ತೆಯಲ್ಲಿ, ಎದುರಿಗೆ ಹಿಂದೆ ಯಾರೂ ಇಲ್ಲದಾಗ, ಉಲ್ಲಾಸ ಒಂದಕ್ಕೆ ಇಟ್ಟುಕೊಟ್ಟಿದ್ದ ಗುಂಡಿಯನ್ನು ಎರಡಕ್ಕೆ ತಿರುವಿ ಒತ್ತಿದ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಯಾರೋ ಸೀಟಿನ ಸಮೇತ ಅವನನ್ನು ಎತ್ತಿ ಮುಂದಕ್ಕೆ ಎಸೆದರು. ಮರಗಳು ಒಂದಕ್ಕೊಂದು ಅಂಟಿಕೊಂಡವು, ಹೊಟ್ಟೆ ಹಿಂದೆಲ್ಲೋ ಉಳಿಯಿತು, ಬಾಯಿಂದ ಸದ್ದು ಹೊರಟಿತು. ಪಾದ ಎತ್ತಿ, ಪಕ್ಕಕ್ಕೆ ತಂದು ನಿಲ್ಲಿಸಿದ. ಹೆದರಿಕೆಯಿಂದ ಕೂಗಿದೆ ಎಂದುಕೊಂಡ. ಹೆದರಿಕೆಯೂ ಇತ್ತು. ಆದರೆ ಆ ಸದ್ದು, ತನ್ನ ಬಾಯಿಂದ ಬಂದದ್ದು, ನಗೆಯಾಗಿತ್ತು. ಅದನ್ನು ಅರಿತ ಮೇಲೆ ಸ್ಟೇರಿಂಗಿಗೆ ಹಣೆ ಇಟ್ಟು ಕೂತ. ತಮ್ಮ ಕೇಳಿದ್ದು ಇಷ್ಟನ್ನೇ. ಅದನ್ನು ಅವನು ಕೈಯಾರೆ ಆರಿಸಿದ್ದ, ತಾನು ಅದನ್ನು ಅವನ ಬೆನ್ನ ಹಿಂದೆ ತೆಗೆಸಿ, ಈಗ ಒಬ್ಬನೇ ಕದ್ದು ಉಂಡಿದ್ದ.

ಮನೆಗೆ ಬಂದಾಗ ಭರತ ತನ್ನ ಕೋಣೆಯ ಕಿಟಕಿಯ ಬಳಿ ಕೂತಿದ್ದ. ರವೀಂದ್ರ ಮಂಚದ ಮೇಲೆ ಕೂತು, ಎದ್ದು, ಮತ್ತೆ ಕೂತ.

“ಆ ಎರಡನೇದರಾಗ ಏನೂ ಇದ್ದಿದ್ದಿಲ್ಲ,” ಎಂದ. “ನಾನ ಹೇಳಿ ತಗಿಸಿದ್ದೆ.”

“ಗೊತ್ತೈತಣ್ಣ.”

“ಮತ್ತ ಯಾಕ ಬಂತು ಅಂದಿ?”

ಭರತ ಕಿಟಕಿಯಾಚೆಯಿಂದ ಕಣ್ಣು ತೆಗೆಯಲಿಲ್ಲ. “ನಿನ್ನ ಕೈ ನಡಗಾಕತ್ತಿದ್ದವು. ಅಷ್ಟ ನಡಗಿದ್ರೂ ನೀ ಒತ್ತಿದ್ದಿ. ಏನಂತ ಹೇಳ್ಲಿ?”

“ಏನೂ ಇಲ್ಲಂತ ಗೊತ್ತಿತ್ತು, ಅದಕ್ಕ ಒತ್ತಿದೆ.”

ಇದು ಭರತನಿಗೆ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಅವನು ತಿರುಗಿ ಅಣ್ಣನನ್ನು ನೋಡಿದ. ಅಣ್ಣ ತನಗಾಗಿ ಹೆದರಿಕೆ ನುಂಗಿದನೆಂದು ಅವನು ಇಷ್ಟು ದಿನ ನಂಬಿದ್ದ. ಆ ಒಂದೇ ನಂಬಿಕೆಯ ಮೇಲೆ ಉಳಿದದ್ದನ್ನೆಲ್ಲ ಕ್ಷಮಿಸಿದ್ದ. ಈಗ ಅದೂ ಹೋಯಿತು. ರವೀಂದ್ರನಿಗೆ ಹೇಳದೆ ಇದ್ದಿದ್ದರೆ ಚೆನ್ನಾಗಿತ್ತು ಎನ್ನಿಸಿತು, ಮರುಗಳಿಗೆ ಹಾಗೆನ್ನಿಸಿದ್ದಕ್ಕೆ ಮೈ ಸುಟ್ಟಂತಾಯಿತು. ಹೇಳಬೇಕಾದ ಇನ್ನೊಂದು, ಆಸ್ಪತ್ರೆಯ ಕಾರಿಡಾರಿನಲ್ಲಿ ತಲೆಗೆ ಬಂದದ್ದು, ನಾಲಿಗೆಯ ಬುಡದಲ್ಲಿತ್ತು. ಅದನ್ನು ಹೇಳಲಿಲ್ಲ. ಹೇಳಿ ಹಗುರಾಗುವವನು ತಾನು, ಹೊರುವವನು ಅವನು.

“ಕೈಲೆ ಹೊಡಿಯೂದನ್ನ ಕೂಡಿಸೂಣು,” ಎಂದ. “ಬೆಳಗಾವ್ಯಾಗ ಮಾಡ್ತಾರಂತ.”

“ಈಗ್ಯಾಕ?” ಎಂದ ಭರತ.

ರವೀಂದ್ರ ಕಾರಿನ ಕೀಲಿಯನ್ನು ಮಂಚದ ತುದಿಯಲ್ಲಿ, ತಮ್ಮನ ಕೈಗೆ ಸಿಗುವಲ್ಲಿ ಇಟ್ಟ. ಭರತ ಬೇಡ ಎನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ.

ಹಿಡಿಕೆ ಕೂರಿಸಿ, ಆರ್‌ಟಿಓ ಕಚೇರಿಗೆ ಅಲೆದು, ಭರತನ ಲೈಸೆನ್ಸ್ ಹೊಸದಾಗಿ ಆಗುವ ಹೊತ್ತಿಗೆ ಚಳಿಗಾಲ ಮುಗಿದಿತ್ತು. ಆ ದಿನಗಳಲ್ಲಿ ಅಣ್ಣ ತಮ್ಮ ಬೇಕಾದಷ್ಟೇ ಮಾತಾಡಿದರು. ಒಂದು ಭಾನುವಾರ ಬೆಳಿಗ್ಗೆ ಮಾರ್ಕೆಟ್ ಯಾರ್ಡು ಖಾಲಿ ಇದ್ದಾಗ ಅಲ್ಲಿಗೆ ಹೋದರು. ಭರತ ಬಲಗಡೆ ಕೂತ, ರವೀಂದ್ರ ಎಡಗಡೆ. ಕಾರು ಮುಗ್ಗರಿಸಿತು, ನಿಂತಿತು, ಮತ್ತೆ ಹಾರಿತು. ಲಾರಿಯ ನೆರಳಲ್ಲಿ ಕೂತಿದ್ದ ಹಮಾಲರು ಎದ್ದು ನೋಡತೊಡಗಿದರು, ಒಬ್ಬ ನಕ್ಕ. ಸರ್ಕಲ್ಲಿನ ಬ್ಯಾನರಿನಲ್ಲಿದ್ದವನು ಎಲ್ಲರೆದುರು ಹೀಗೆ ತಡವರಿಸುವುದನ್ನು ಕಂಡು ರವೀಂದ್ರನಿಗೆ ಅವಮಾನವಾಯಿತು. ಸೀಟಿನಲ್ಲಿ ಸ್ವಲ್ಪ ಕೆಳಗೆ ಜಾರಿಕೊಂಡ, ಮತ್ತು ಜಾರಿಕೊಂಡದ್ದನ್ನು ಭರತ ನೋಡಿದ. “ಸಾವಕಾಶ,” ಎಂದ ರವೀಂದ್ರ, “ಸಾವಕಾಶ ಎಳಿ.” ಭರತ ಹಿಡಿಕೆಯನ್ನು ಮುಂದಕ್ಕೊತ್ತಿ ಗಾಡಿ ನಿಲ್ಲಿಸಿದ.

“ಅಣ್ಣ, ನೀ ಇಳಿ.”

“ಒಬ್ಬನ?”

“ಹೂಂ. ಡಿಕ್ಕಿಯಾಗಿನ ಕುರ್ಚಿನೂ ಇಳಿಸು. ತಿರುವಿನ್ಯಾಗ ಬಡಕೋತೈತಿ.”

ಅವನು ಇಳಿದ, ಕುರ್ಚಿ ಇಳಿಸಿ ಬಿಚ್ಚಿ ನಿಲ್ಲಿಸಿದ. ಏನಾದರೂ ಹೇಳಬೇಕೆಂದು ಕಿಟಕಿಗೆ ಬಗ್ಗುವಷ್ಟರಲ್ಲಿ ಗಾಜು ಏರಿತು. ಕಾರು ಯಾರ್ಡನ್ನು ಒಮ್ಮೆ ಸುತ್ತಿತು, ಮುಗ್ಗರಿಸದೆ. ಎರಡನೆಯ ಸುತ್ತಿಗೆ ಗೇಟಿನಿಂದ ಹೊರಗೆ ಹೋಯಿತು. ಬನವಾಸಿಯ ದಿಕ್ಕಿಗೆ ಹೋದದ್ದು ಸದ್ದಿನಿಂದ ತಿಳಿಯಿತು. ಊರು ದಾಟುವವರೆಗೆ ಸದ್ದು ಸಣ್ಣಗಿತ್ತು. ಆಮೇಲೆ ದೂರದಲ್ಲೆಲ್ಲೋ ಅದು ಬಾಯಿ ಬಿಟ್ಟಿತು, ಒಂದೇ ಉಸಿರಿಗೆ ಮೇಲೇರಿ, ಗಿಯರು ಬದಲಿಸಿ, ಮತ್ತೆ ಏರಿತು. ಈ ಎಂಜಿನ್ನನ್ನು ರವೀಂದ್ರ ಹೊರಗೆ ನಿಂತು ಹೀಗೆ ಕೇಳಿ ಎಷ್ಟೋ ಕಾಲವಾಗಿತ್ತು.

ನಕ್ಕಿದ್ದ ಹಮಾಲ ಹತ್ತಿರ ಬಂದು ಕೇಳಿದ: “ಯಾರ್ರಿ ಸಾವಕಾರ್ರ, ಹೊಡಿಯಾಕತ್ತಿದ್ದು?”

“ಭರತ,” ಎಂದ. ಸ್ವಲ್ಪ ತಡೆದು, “ನಾ ಅವನ ಅಣ್ಣ,” ಎಂದ, ಕೇಳಿದವನಿಗೆ ಅದು ಗೊತ್ತಿಲ್ಲದ್ದೇನೂ ಅಲ್ಲ.

ಸದ್ದು ಪೂರ್ತಿ ಕರಗಿತು. ಬಿಸಿಲು ಯಾರ್ಡಿನ ಸಿಮೆಂಟಿನ ಮೇಲೆ ಹರಡುತ್ತ ಬಂತು. ತಿರುವುಗಳು, ಲಾರಿಗಳು, ಆ ಹೊಸ ಹಿಡಿಕೆ, ಎಲ್ಲ ಕಣ್ಣಿಗೆ ಕಟ್ಟಿತು. ಫೋನು ತೆಗೆದು, ಹೆಸರಿನ ಮೇಲೆ ಬೆರಳಿಟ್ಟು, ಒತ್ತದೆ ಜೇಬಿಗೆ ಹಾಕಿದ. ಖಾಲಿ ಕುರ್ಚಿಯ ಕರಿ ರೆಕ್ಸಿನ್ ಮುಟ್ಟಿದರೆ ಸುಡುತ್ತಿತ್ತು. ಬಂದು ಕೂರುವವನ ಕಾಲುಗಳಿಗೆ ಆ ಬಿಸಿ ತಿಳಿಯುವುದಿಲ್ಲ, ಚರ್ಮಕ್ಕೆ ಮಾತ್ರ ಬೊಬ್ಬೆ ಬರುತ್ತದೆ. ರವೀಂದ್ರ ಅದನ್ನು ತಳ್ಳಿಕೊಂಡು ಹೋಗಿ ಲಾರಿಯ ನೆರಳಲ್ಲಿ ನಿಲ್ಲಿಸಿದ. ಹಮಾಲರು ಸರಿದು ಜಾಗ ಕೊಟ್ಟರು. ನೆರಳು ಸರಿದಂತೆ ಕುರ್ಚಿಯನ್ನೂ ಸರಿಸುತ್ತ, ಗೇಟಿನತ್ತ ಕಿವಿ ಇಟ್ಟು, ಅವನು ಅಲ್ಲೇ ನಿಂತಿದ್ದ.